ಚರಚರ ಮೈಕಿನದೋ, ಗಂಟಲಿನದೋ

ನಾನು ಅಂಜಿದ್ದೆ ಎಂದು ಹೇಳಿದರೆ ನಮ್ಮ ಓಣಿಯಲ್ಲಿ ಒಬ್ಬರೂ ನಂಬುವುದಿಲ್ಲ. ನಾನು ಬನಹಟ್ಟಿಯ ನೇಕಾರರ ಮನೆಯ ಸೊಸೆ, ಕನ್ನಡ ಶಾಲೆಯ ಅಕ್ಕೋರು. ಹುನ್ನೂರಿನಲ್ಲಿ ಕಲಿಸಿದೆ, ರನ್ನ ಬೆಳಗಲಿಯಲ್ಲಿ ಕಲಿಸಿದೆ, ಕೊನೆಗೆ ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿದ್ದಾಗ ನಿವೃತ್ತಳಾದೆ. ಇಡೀ ಶಾಲೆಗೆ ಪ್ರಾರ್ಥನೆ ಹೇಳಿಸಲು ನನಗೆ ಯಾವ ಮೈಕೂ ಬೇಕಾಗಿರಲಿಲ್ಲ. ಮನೆಗೆ ಬಂದರೆ ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು. ಮಗ್ಗದ ಮನೆಯಲ್ಲಿ ಪಿಸುಮಾತು ನಡೆಯುವುದಿಲ್ಲ. ಉಪ್ಪು ಕೊಡು ಅನ್ನುವುದಕ್ಕೂ ಜಗಳಕ್ಕೆ ನಿಂತವರಂತೆ ಒದರಬೇಕು. ಹಗಲು ಶಾಲೆಯಲ್ಲಿ, ಸಂಜೆ ಮನೆಯಲ್ಲಿ ಒದರಿ ಒದರಿಯೇ ಬಾಳಿದವಳು ನಾನು. "ಅಕ್ಕೋರ ಹತ್ತಿದ್ರಂದ್ರ ಬಸ್ಸಿಗೆ ಹಾರ್ನ್ ಬ್ಯಾಡ ನೋಡ್ರಿ" ಎಂದು ದಿನಾ ಬರುವ ಕಂಡಕ್ಟರು ಚೇಷ್ಟೆ ಮಾಡುತ್ತಿದ್ದ. ನಾನು ಅವನಿಗೂ ಬೈಯುತ್ತಿದ್ದೆ.

ಆ ಧ್ವನಿ ಒಡೆಯಿತು. ಥಂಡಿ ಇರಬೇಕು ಅಂದುಕೊಂಡೆ. ಶುಂಠಿ ಕಷಾಯ ಕುಡಿದೆ, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡೆ, ಮನೆಯವರ ಮೇಲೆ ಒದರುವುದನ್ನು ಸ್ವಲ್ಪ ಕಡಿಮೆಯೂ ಮಾಡಿದೆ. ಏನೂ ಉಪಯೋಗವಾಗಲಿಲ್ಲ. ಜಮಖಂಡಿಯ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಟಿವಿಯಂಥ ಪರದೆಯ ಮೇಲೆ ನನ್ನ ಗಂಟಲನ್ನು ನೋಡಿದರು. ಅಲ್ಲೊಂದು ಗಂಟು ನನಗೂ ಕಂಡಿತು. ಬಾಯಿ ತುಂಬ ಮಾತಾಡುವ ಡಾಕ್ಟರು ಅವರು, ಅಂದು ಚೀಟಿ ಮಾತ್ರ ಬರೆದುಕೊಟ್ಟರು.

ಅವರು ಬೆಳಗಾವಿಗೆ ಕಳಿಸಿದರು. ಅಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ತಂಬಾಕು ತಿನ್ನುವ ರೂಢಿ ಇತ್ತೇನು ಎಂದು ಕೇಳಿದರು. "ಜಲಮದಾಗ ಮುಟ್ಟಿದಾಕಿ ಅಲ್ಲರಿ ನಾ!" ಎಂದು ಆ ಒಡಕು ಧ್ವನಿಯಲ್ಲೇ ರೇಗಿದೆ. ರೇಗಿದರೆ ಗಂಟು ಕರಗುತ್ತದೆಯೇ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು ಎಂದರು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಇರುತ್ತದೆ, ಜೀವಕ್ಕೆ ಭಯವಿಲ್ಲ, ಆದರೆ ಮಾತು ಇರುವುದಿಲ್ಲ. ಇಷ್ಟನ್ನು ಅವರು ಬಹಳ ಮೆತ್ತಗೆ ಹೇಳಿದರು. ನನ್ನ ಗಂಡ ಪಕ್ಕದಲ್ಲಿ ಕುಳಿತು ನೆಲವನ್ನೇ ನೋಡುತ್ತಿದ್ದರು.

ಸಾಯುವ ಅಂಜಿಕೆ ಬೇರೆ, ಇದು ಬೇರೆ. ಸತ್ತರೆ ಅತ್ತು ಕರೆದು ಮುಗಿಸುತ್ತಾರೆ. ಆದರೆ ನಾನು ಮನೆಯಲ್ಲೇ ಓಡಾಡಿಕೊಂಡಿರುತ್ತೇನೆ, ಮಗ್ಗಗಳು ಖಡಖಡ ನಡೆಯುತ್ತಿರುತ್ತವೆ, ನಾನು ಬಾಯಿ ತೆರೆಯುತ್ತೇನೆ, ಯಾರೂ ತಿರುಗಿ ನೋಡುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದರೂ ಕರೆಯಲಾರೆ. ಇದನ್ನು ನೆನೆದಾಗೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆ ಹಿಡಿದು ನಿಲ್ಲುತ್ತಿದ್ದೆ.

ಮಾತು ಕಳೆದುಕೊಂಡವರಿಗೆ ತರಬೇತಿ ಕೊಡುವ ಒಬ್ಬ ಹುಡುಗಿ ಅದೇ ಆಸ್ಪತ್ರೆಯಲ್ಲಿದ್ದಳು. ಮುಂದೆ ಗಂಟಲಿಗೆ ಹಿಡಿದು ಮಾತಾಡುವ ಯಂತ್ರ ಇದೆ, ಬೇರೆ ಉಪಾಯಗಳೂ ಇವೆ, ಕಲಿಯಲು ಸಮಯ ಹಿಡಿಯುತ್ತದೆ ಎಂದಳು. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ದಿನಾ ಆಡುವ ಮಾತುಗಳನ್ನು ಈಗಲೇ ನಿಮ್ಮ ಧ್ವನಿಯಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊಬೈಲಿನಲ್ಲಿ ಚೌಕ ಚೌಕವಾಗಿ ಹಾಕಿಕೊಳ್ಳಬಹುದು, ಬೆರಳಿಂದ ಒತ್ತಿದರೆ ನಿಮ್ಮ ಧ್ವನಿಯೇ ಮಾತಾಡುತ್ತದೆ. "ಆದರೆ ಒಳ್ಳೆಯ ಮೈಕಿನಲ್ಲಿ ಮಾಡಿ, ಗದ್ದಲ ಇರಬಾರದು. ಆಪರೇಷನ್ ಆದ ಮೇಲೆ ಮತ್ತೊಮ್ಮೆ ಮಾಡೋಕೆ ಬರೋದಿಲ್ಲ" ಎಂದು ಬೆಂಗಳೂರು ಕಡೆಯ ಮಾತಿನಲ್ಲಿ ಹೇಳಿದಳು. ಕೊನೆಯ ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಅಲ್ಲಿಂದ ಮನೆಯಲ್ಲಿ ಎಲ್ಲರಿಗೂ ಅದೇ ಧ್ಯಾನ. ಮಗ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಇರುತ್ತಾನೆ, ಹಾಗಾಗಿ ಕೆಲಸವೆಲ್ಲ ಸೊಸೆಯ ಮೇಲೆ ಬಿತ್ತು. ಅವಳು ಲ್ಯಾಪ್‌ಟಾಪಿನ ಮುಂದೆ ಕುಳಿತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳು, ಲೆಕ್ಕದಂಥದೇ ತಲೆ. ಜಮಖಂಡಿಯಿಂದ ಎದೆಗೆ ಸಿಕ್ಕಿಸುವ ಕಾಲರ್ ಮೈಕು ತಂದಳು. ಹಿಂದಿನ ಖೋಲಿಯ ಕಿಟಕಿಗೆ ಸದ್ದು ಬಾರದಂತೆ ಎರಡು ದಪ್ಪ ಕೌದಿ ಇಳಿಬಿಟ್ಟಳು. ನಮ್ಮ ಮಗ್ಗಗಳನ್ನು ನಿಲ್ಲಿಸಲು ಮಾವನಿಗೆ ಹೇಳಿದಳು.

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಸಂಕಟದ ವಿಷಯ ಬಂತೆಂದರೆ ಎದ್ದು ಮಗ್ಗದ ಕಡೆಗೆ ನಡೆಯುವುದು ಅವರ ಸ್ವಭಾವ. ಬೆಳಗಾವಿಯಿಂದ ಬಂದ ಮೇಲೆ ನನ್ನ ಜೊತೆ ಕುಳಿತು ಒಂದು ಮಾತೂ ಆಡಲಿಲ್ಲ. ಹಳದಿ ಒಡಲಿನ, ಕೆಂಪು ಅಂಚಿನ ಒಂದು ಸೀರೆ ನೇಯ್ದು ತಂದು ನನ್ನ ಮಡಿಲಲ್ಲಿ ಇಟ್ಟು ಹೋದರು. ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದ ಒಂದು ರೂಢಿ ಇದೆ. ಒಳ್ಳೆಯ ಕೆಲಸಕ್ಕೆ ಕೂರುವಾಗ ಮಗ್ಗದಿಂದ ಇಳಿಸಿದ ಸೀರೆಯನ್ನು ಕೋರಿಯಾಗಿಯೇ, ಅಂದರೆ ಒಗೆಯದೆ, ಗಂಜಿ ಇದ್ದ ಹಾಗೆಯೇ ಉಡಬೇಕು. ಆ ಕೆಲಸ ಮುಗಿಯುವ ತನಕ ಅದಕ್ಕೆ ನೀರು ಮುಟ್ಟಿಸಬಾರದು, ಕೆಲಸಕ್ಕೆ ಕುಳಿತ ಹೊತ್ತಿನಲ್ಲಿ ನಡುವೆ ಬಿಚ್ಚಬಾರದು. ನಾನು ಮಕ್ಕಳಿಗೆ ವಿಜ್ಞಾನ ಕಲಿಸಿದವಳು, ಇಂಥದ್ದಕ್ಕೆಲ್ಲ ನಗುತ್ತಿದ್ದೆ. ಈಗ ನಗು ಬರಲಿಲ್ಲ. ಮಡಿಕೆ ಬಿಡಿಸಿ ಉಟ್ಟುಕೊಂಡು ಬಂದು ಮೈಕಿನ ಮುಂದೆ ಕುಳಿತೆ.

ಏನು ಮಾತಾಡಬೇಕು ಎಂಬುದೇ ಮೊದಲು ತಕರಾರಾಯಿತು. ಆಸ್ಪತ್ರೆಯ ಹುಡುಗಿ ಹೇಳಿದಂತೆ ಸೊಸೆ "ದಯವಿಟ್ಟು ನೀರು ಕೊಡಿ ಅನ್ರಿ ಅತ್ತಿ" ಅಂದಳು.

"ನಮ್ಮ ಮನ್ಯಾಗ ದಯವಿಟ್ಟು ಅಂತ ಯಾರು ಅಂತಾರ? ನನ್ನ ಧ್ವನಿ ಅಂತ ಯಾರೂ ನಂಬಂಗಿಲ್ಲ. 'ಒಂದ ತಂಬಿಗಿ ನೀರ ತಾ' ಅಂತೇನಿ, ಹಂಗ ತಗೋ."

"ಆತ್ರಿ. ಮಾವಗ ಏನಂತೀರಿ?"

"ನಿಮಗ ಬುದ್ಧಿ ಐತಿಲ್ಲೋ ಅಂತೇನಿ."

ಅವಳು ನಕ್ಕಳು. ನಾನೂ ನಕ್ಕೆ. ಒಂದಿಷ್ಟು ಮಾತುಗಳನ್ನು ಹೇಳಿ ಮುಗಿಸಿದೆ: ಊಟಕ್ಕ ಬರ್ರಿ, ಯಾರದು ಬಾಗಲದಾಗ, ಇಲ್ಲಿ ನೋವಾಗಾಕತ್ತೈತಿ, ಮೋಟರ ಬಂದ ಮಾಡ್ರಿ. ಸೊಸೆ ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳಿದಳು. ಅವಳ ಮುಖದ ನಗು ಹೋಯಿತು. ಹೆಡ್‌ಫೋನನ್ನು ತೆಗೆದು ನನ್ನ ಕಿವಿಗೆ ಹಾಕಿದಳು.

ನನ್ನ ಧ್ವನಿ ಇತ್ತು, ಅದರ ಮೈತುಂಬ ಚರಚರ, ಪರಪರ. ಒಣಗಿದ ಕಡಲೆ ಗಿಡದ ಮೇಲೆ ಯಾರೋ ನಡೆದಾಡಿದಂತೆ. ಮಾತಿನ ಒಳಗೂ ಅದೇ, ಮಾತು ಮುಗಿದ ಮೇಲೂ ಅದೇ. "ನೋವಾಗಾಕತ್ತೈತಿ" ಅನ್ನುವುದು "ನೋ" ಎಂದು ಕೇಳಿ ಉಳಿದದ್ದೆಲ್ಲ ಆ ಸದ್ದಿನಲ್ಲಿ ಮುಳುಗಿತ್ತು.

"ಪಿನ್ ಲೂಸ್ ಇರಬೇಕ್ರಿ" ಎಂದು ಸೊಸೆ ವೈರನ್ನು ಕಿತ್ತು ಒರೆಸಿ ಮತ್ತೆ ಸಿಕ್ಕಿಸಿದಳು. ಸದ್ದು ಹೋಗಲಿಲ್ಲ. ಮೈಕಿನ ಜೋರು ಕಡಿಮೆ ಮಾಡಿದಳು. ನನ್ನ ಧ್ವನಿಯೂ ಇಳಿಯಿತು, ಚರಚರ ಮಾತ್ರ ಇದ್ದೇ ಇತ್ತು. ಮೊಬೈಲುಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿದಳು. ಲ್ಯಾಪ್‌ಟಾಪನ್ನು ಬಂದ್ ಮಾಡಿ ಚಾಲೂ ಮಾಡಿದಳು, ಬೇರೆ ಸಾಫ್ಟ್‌ವೇರ್ ಹಾಕಿದಳು. ಪ್ರತಿ ಸಲವೂ ನಾನು ಕುಳಿತು "ಒಂದ ತಂಬಿಗಿ ನೀರ ತಾ" ಅನ್ನಬೇಕು. ಹತ್ತಾರು ಸಲ ನೀರು ಕೇಳಿದೆ, ಗಂಟಲು ಉರಿಯತೊಡಗಿತು. ಇರುವ ಧ್ವನಿಯನ್ನೂ ಹೀಗೆ ಖರ್ಚು ಮಾಡಿಬಿಟ್ಟರೆ ಗತಿಯೇನು ಎಂದು ಒಳಗೊಳಗೇ ಭಯ.

"ಸುಡುಗಾಡ ಮೈಕ ಅದು! ಒಗಿ ಅತ್ಲಾಗ!" ಅಂದೆ.

ಮರುದಿನ ಇಬ್ಬರೂ ಜಮಖಂಡಿಗೆ ಹೋದೆವು. ಅಂದು ರೆಕಾರ್ಡಿಗೆ ಕೂರುವುದಿರಲಿಲ್ಲ, ಪ್ರಯಾಣಕ್ಕೆ ಬೇಡವೆಂದು ಹೊಸ ಸೀರೆ ಮನೆಯಲ್ಲಿಟ್ಟು, ಹಳೆಯ ಸೀರೆಯೊಂದನ್ನು ಉಟ್ಟು ಹೋಗಿದ್ದೆ. ಅಂಗಡಿಯವನು ನನ್ನ ಕೈಯಲ್ಲಿ ಕಲಿತವನಲ್ಲ, ಆದರೂ ಮಾತಿನ ಧಾಟಿ ನೋಡಿ "ಬರ್ರಿ ಅಕ್ಕೋರ" ಅಂದ. ಮೈಕನ್ನು ತನ್ನ ಅಂಗಿಗೆ ಸಿಕ್ಕಿಸಿಕೊಂಡು ಹಲೋ ಹಲೋ ಅಂದ. ಕನ್ನಡಿಯಂತೆ ಸ್ವಚ್ಛ. "ಮೈಕ ಛಲೋ ಐತ್ರಿ. ಬೇಕಾದ್ರ ಬದಲಿ ಮಾಡಿ ಕೊಡತೇನಿ, ಖರೆ ತಪ್ಪು ಇದರದಲ್ಲ" ಎಂದು ಹೊಸದೊಂದನ್ನು ಕೊಟ್ಟ. ಅದನ್ನೂ ತನ್ನ ಧ್ವನಿಯಲ್ಲೇ ತೋರಿಸಿದ. "ನೀವೂ ಒಂದೀಟ ಮಾತಾಡ್ರಿ ಅಕ್ಕೋರ" ಎಂದು ಮೈಕು ಮುಂದೆ ಮಾಡಿದ. ನಾನು ಹಿಂದೆ ಸರಿದೆ. ಅವನ ಧ್ವನಿ ಅಷ್ಟು ಸ್ವಚ್ಛವಾಗಿ ಕೇಳಿದ ಆ ಕ್ಷಣವೇ ಒಂದು ಯೋಚನೆ ತಲೆಯನ್ನು ಹೊಕ್ಕಿತ್ತು. ಮೈಕಿನ ತಪ್ಪಲ್ಲದಿದ್ದರೆ ತಪ್ಪು ಯಾರದು?

ಬಸ್ಸಿನಲ್ಲಿ ಸೊಸೆ ಸಮಾಧಾನ ಹೇಳಿದಳು. ಕರೆಂಟಿನ ದೋಷ ಇರಬೇಕಂತೆ. ನಮ್ಮ ಓಣಿಯಲ್ಲಿ ಮನೆಮನೆಗೂ ಮೋಟರು, ಅದೇ ಲೈನಿನಿಂದ ಚಾರ್ಜರಿಗೆ ಬರುವ ಕರೆಂಟು, ಅದರಿಂದ ಸದ್ದು ಒಳಗೆ ನುಗ್ಗುತ್ತದಂತೆ. ನಮ್ಮ ಮಗ್ಗ ನಿಲ್ಲಿಸಿದರೆ ಸಾಲದು, ಇಡೀ ಓಣಿಯದೇ ನಿಲ್ಲಬೇಕು. "ಕರೆಂಟ್ ಹೋಗೂ ಹೊತ್ತಿಗೆ ಮಾಡೂಣ್ರಿ ಅತ್ತಿ. ಬ್ಯಾಟರಿ ಮ್ಯಾಲ." ನನಗೆ ಅದು ಸರಿ ಅನಿಸಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಶಾಪ ಹಾಕದವರಿಲ್ಲ, ನಾವಿಬ್ಬರು ಮಾತ್ರ ಅದು ಹೋಗಲೆಂದು ದೇವರಿಗೆ ಕೈಮುಗಿಯುತ್ತ ಮನೆಗೆ ಬಂದೆವು.

ಆಸ್ಪತ್ರೆಗೆ ಹೊರಡುವ ದಿನ ತೀರ ಹತ್ತಿರ ಬಂದಿತ್ತು. ಕರೆಂಟಿಗೆ ಏನು ಹಟವೋ, ಹೋಗಲೇ ಒಲ್ಲದು. ಹೊಸ ಸೀರೆ ಉಟ್ಟು, ಎದೆಗೆ ಮೈಕು ಸಿಕ್ಕಿಸಿಕೊಂಡು, ಬೆಳಿಗ್ಗೆಯಿಂದ ಖೋಲಿಯಲ್ಲಿ ಕಾಯುತ್ತ ಕುಳಿತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆಲೇ ಫ್ಯಾನು ನಿಂತಿತು. ನಮ್ಮ ಮಗ್ಗ, ಎದುರು ಮನೆಯ ಮಗ್ಗ, ಹಿಂದಿನ ಓಣಿಯ ಮಗ್ಗ ಎಲ್ಲ ಒಟ್ಟಿಗೆ ನಿಂತವು. ಎಲ್ಲೋ ಒಂದು ಕೂಸು ಅಳುವುದು ಕೇಳಿಸಿತು. ಸೊಸೆ ಬಾಗಿಲು ಹಾಕಿಕೊಂಡಳು. ಮಗ್ಗ ನಿಂತದ್ದರಿಂದ ನನ್ನ ಗಂಡನೂ ಬಂದು ಮೂಲೆಯಲ್ಲಿ ಕುಳಿತರು.

ನಾನು ಮಾತಾಡಿದೆ. ಸೊಸೆ ಕೇಳಿದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಚಾರ್ಜರಿಲ್ಲ, ಮೋಟರಿಲ್ಲ, ಮೈಕು ಹೊಸದು. ಚರಚರ ಹಾಗೇ ಇತ್ತು.

ಸೊಸೆ ಲೆಕ್ಕದ ತಲೆಯವಳೆಂದು ಹೇಳಿದೆನಲ್ಲ, ಒಂದೊಂದೇ ತೆಗೆದು ನೋಡಿದಳು. ಮೈಕನ್ನು ತನ್ನ ಚೂಡಿದಾರಕ್ಕೆ ಸಿಕ್ಕಿಸಿಕೊಂಡು ಮಾತಾಡಿದಳು. ಸ್ವಚ್ಛ. ಮಾವನ ಬನಿಯನ್ನಿಗೆ ಸಿಕ್ಕಿಸಿ "ಏನಾರ ಅನ್ರಿ" ಅಂದಳು. ಅವರು "ಏನ ಅನ್ನಲಿ" ಅಂದರು. ಅದೂ ಸ್ವಚ್ಛ. ಮತ್ತೆ ನನಗೆ ಸಿಕ್ಕಿಸಿದಳು. ಚರಚರ.

"ಅತ್ತಿ, ಸುಮ್ಮನ ಕುಂಡ್ರಿ. ಮಾತಾಡಬ್ಯಾಡ್ರಿ." ನಾನು ಸುಮ್ಮನೆ ಕುಳಿತೆ. ಹೆಡ್‌ಫೋನಿನ ಒಂದು ಕಿವಿ ನನಗೆ, ಒಂದು ಅವಳಿಗೆ. ನಾನು ಮಾತಾಡದಿದ್ದರೂ ಸದ್ದು ಬರುತ್ತಿತ್ತು, ಏರುತ್ತ ಇಳಿಯುತ್ತ.

"ಒಂದೀಟ ಉಸರ ಹಿಡೀರಿ."

ಹಿಡಿದೆ. ಸದ್ದು ನಿಂತಿತು.

"ಬಿಡ್ರಿ."

ಬಿಟ್ಟೆ. ಚರ್ ಎಂದು ಬಂತು. ಎಳೆದುಕೊಂಡೆ, ಪರ್ ಎಂದಿತು. ಅವಳು ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ಎತ್ತಲಿಲ್ಲ.

ದೇವರೇ, ಆಗ ಆದ ಅಂಜಿಕೆಯನ್ನು ಹೇಗೆ ಬರೆಯಲಿ. ಪರದೆಯ ಮೇಲೆ ನೋಡಿದ್ದ ಆ ಗಂಟು ಕಣ್ಣ ಮುಂದೆ ಬಂತು. ಅದೇ ಇದು. ಉಸಿರು ಹೋಗುವ ದಾರಿಗೆ ಅಡ್ಡ ಕುಳಿತು ಅದೇ ಸದ್ದು ಮಾಡುತ್ತಿದೆ. ಮೈಕು ಸುಳ್ಳು ಹೇಳುವುದಿಲ್ಲ, ನಮ್ಮ ಕಿವಿಗೆ ಕೇಳದ್ದು ಅದಕ್ಕೆ ಕೇಳುತ್ತಿದೆ. ಅಷ್ಟು ಬೆಳೆದಿದ್ದರೆ ಇನ್ನು ಆಪರೇಷನ್ನಿನಿಂದಲಾದರೂ ಏನು ಆದೀತು? ಮತ್ತೆ ಈ ಧ್ವನಿ? ಉಳಿಸಿಕೊಳ್ಳೋಣ ಎಂದು ಕೌದಿ ಕಟ್ಟಿ, ಮೈಕು ತಂದು, ಕರೆಂಟು ಹೋಗಲೆಂದು ಕಾಯ್ದು ಕುಳಿತಿದ್ದೇವೆ, ಉಳಿಸಲು ಸ್ವಚ್ಛವಾದದ್ದೇನೂ ಒಳಗೆ ಇಲ್ಲವೇ ಇಲ್ಲ. ಉಸಿರು ಜೋರಾಯಿತು, ಉಸಿರಿನ ಜೊತೆ ಕಿವಿಯೊಳಗೆ ಚರಚರವೂ ಜೋರಾಯಿತು. ನನ್ನ ಉಸಿರೇ ನನಗೆ ಬೇಡವಾಯಿತು.

ಅಷ್ಟರಲ್ಲಿ ನನ್ನ ಗಂಡ ಎದ್ದರು. ಅವರಿಗೂ ತಿಳಿದಿತ್ತು. ಮೊಣಕಾಲಿಗೆ ಕೈಯೂರಿ ಎದ್ದು, ಯಾರ ಮುಖವನ್ನೂ ನೋಡದೆ, ಬಾಗಿಲ ಕಡೆ ಹೊರಟರು. ಕರೆಂಟಿಲ್ಲದ ಮಗ್ಗದ ಮುಂದೆ ಹೋಗಿ ಇವರು ಮಾಡುವುದೇನು!

ನನ್ನ ನೆತ್ತಿಗೆ ರಕ್ತ ಏರಿತು. ಮೈಕನ್ನು ಸೆರಗಿನಿಂದ ಕಿತ್ತೆ. ಬಿಸಾಡಬೇಕು ಎಂದೇ ಕಿತ್ತದ್ದು, ಬಿಸಾಡಲಿಲ್ಲ, ಮುಷ್ಟಿಯಲ್ಲಿ ಉಳಿಯಿತು. ಆ ಮುಷ್ಟಿಯನ್ನು ಅವರ ಕಡೆ ಎತ್ತಿ ಒದರಿದೆ:

"ಎಲ್ಲಿಗೆ ಹೊಂಟ್ರಿ? ಇಲ್ಲೇ ಇರ್ರಿ! ನನಗ ಅಂಜಿಕಿ ಆಗಾಕತ್ತೈತಿ!"

ಲಗ್ನವಾದಾಗಿನಿಂದ ಅವರ ಮುಂದೆ ಈ ಮಾತನ್ನು ನಾನು ಆಡಿದವಳೇ ಅಲ್ಲ. ಹೆರಿಗೆಯಲ್ಲಿ ಆಡಲಿಲ್ಲ, ಹೊಳೆ ಬಂದು ಓಣಿಯ ಬಾಯಿಗೆ ನೀರು ನಿಂತಾಗ ಆಡಲಿಲ್ಲ. ಮಗ್ಗಗಳು ನಡೆಯುತ್ತಿದ್ದರೆ ಬಹುಶಃ ಅವರಿಗೆ ಕೇಳುತ್ತಲೂ ಇರಲಿಲ್ಲ. ಅವರು ಬಾಗಿಲಲ್ಲೇ ನಿಂತರು. ತಿರುಗಿ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಹೆಗಲ ಮೇಲಿನ ಟವೆಲ್ಲಿನ ಚುಂಗನ್ನು ಹಿಚುಕುತ್ತಿದ್ದರು.

ನಾನು ಅಳುತ್ತಿದ್ದೆ. ಆ ಹೊತ್ತಿನಲ್ಲಿ ನಮ್ಮ ಸೊಸೆ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಕಣ್ಣು ಅಗಲ ಮಾಡಿ ಅಂದಳು: "ಅತ್ತಿ, ಇನ್ನೊಮ್ಮೆ ಅನ್ರಿ."

"ಏನ ಅನ್ನಲೇ?"

"ಅದ, ಅಂಜಿಕಿ ಆಗಾಕತ್ತೈತಿ ಅಂದ್ರೆಲ್ಲ, ಇನ್ನೊಮ್ಮೆ ಅನ್ರಿ."

"ಹುಚ್ಚ ಹಿಡದೈತೇನ ನಿನಗ! ನಾ ಇಲ್ಲಿ ಜೀವ ಕೈಯಾಗ ಹಿಡಕೊಂಡ ಕುಂತೇನಿ, ನಾಟಕ ಮಾಡಾಕತ್ತೀನಿ ಅಂತ ತಿಳದಿಯೇನ?"

"ಇದೂ ಸ್ವಚ್ಛ ಬಂತ್ರಿ! ಅತ್ತಿ, ಚರಚರ ಇಲ್ಲ!"

ರೆಕಾರ್ಡು ನಡೆದೇ ಇತ್ತು. ಅವಳು ಅದನ್ನು ನಮಗೆ ಕೇಳಿಸಿದಳು. ಒಡಕು ಧ್ವನಿ, ಆದರೆ ಅಕ್ಷರ ಅಕ್ಷರವೂ ಬಿಡಿಬಿಡಿ. ಹಿಂದೆ ಯಾವ ಸದ್ದೂ ಇಲ್ಲ, ನನ್ನ ಬಿಕ್ಕಳಿಕೆ ಕೂಡ ಕೇಳುವಷ್ಟು ಸ್ವಚ್ಛ. ಉಸಿರೂ ಇತ್ತು ಅದರಲ್ಲಿ, ಜೋರಾದ ಉಸಿರು, ಬರೀ ಗಾಳಿಯ ಉಸಿರು.

ಅವಳು ನನ್ನ ಮುಷ್ಟಿ ಬಿಡಿಸಿ ಮೈಕನ್ನು ಮತ್ತೆ ಸೆರಗಿಗೆ ಸಿಕ್ಕಿಸಿದಳು. ಉಸಿರಾಡಿ ಎಂದಳು. ಚರ್. ಕೈಯಲ್ಲಿ ಹಿಡಿಸಿದಳು, ಇಲ್ಲ. ಆಮೇಲೆ ಮೆಲ್ಲಗೆ ನನ್ನ ಸೆರಗಿನ ಒಂದು ಮೂಲೆ ಎತ್ತಿ, ಎರಡು ಬೆರಳಲ್ಲಿ ಮೈಕಿನ ತುದಿಗೆ ತಿಕ್ಕಿದಳು. ಲ್ಯಾಪ್‌ಟಾಪಿನಿಂದ ಕಡಲೆ ಗಿಡ ತುಳಿದ ಸದ್ದು ಬಂತು.

ಕೋರಿ ಸೀರೆ. ಗಂಜಿ ಹಾಕಿದ ನೂಲು. ಉಸಿರು ಎಳೆದಾಗೊಮ್ಮೆ ಎದೆ ಏರುತ್ತಿತ್ತು, ಗರಿಗರಿ ಸೆರಗು ಮೈಕಿಗೆ ತಿಕ್ಕುತ್ತಿತ್ತು. ಯಾರಿಗಾದರೂ ಮೊದಲೇ ಹೊಳೆಯಬೇಕಿತ್ತಲ್ಲ ಎಂದರೆ, ನಮಗೆ ಹೊಳೆಯುವುದು ಹೇಗೆ? ನಾನು ಗಂಜಿ ಸೀರೆಗಳ ನಡುವೆ ಮುದುಕಿಯಾದವಳು, ಸೊಸೆ ರಬಕವಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಹೊಸ ಸೀರೆಯ ಸದ್ದು ನಮ್ಮ ಕಿವಿಗೆ ಸದ್ದೇ ಅಲ್ಲ. ನಮ್ಮ ಕಿವಿ ಬಿಟ್ಟುಬಿಟ್ಟದ್ದನ್ನು ಆ ಬೆರಳಿನ ಉಗುರಿನಷ್ಟು ಮೈಕು ಹಿಡಿದು ಹಿಡಿದು ನನ್ನ ಗಂಟಲಿನ ಮೇಲೆ ಹಾಕಿತ್ತು.

ಸೊಸೆ ನಗುತ್ತ ಅಳುತ್ತ ನನ್ನ ತೋಳು ಹಿಡಿದುಕೊಂಡಳು. ನನ್ನ ಗಂಡನ ಮುಖ ಮಾತ್ರ ಕಪ್ಪಿಟ್ಟಿತು. "ನಾ ನೇದದ್ದ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಲಗೂನ ಹಳೀ ಸೀರಿ ಉಟಗೊಂಡ ಬರ್ರಿ, ಕರೆಂಟ್ ಬರೂದ್ರಾಗ ಮುಗಸೂಣು" ಎಂದು ಸೊಸೆ ಅವಸರ ಮಾಡಿದಳು. ನಾನು ಎದ್ದೆ, ಎರಡು ಹೆಜ್ಜೆ ಇಟ್ಟೆ, ನಿಂತೆ. ಕೆಲಸದ ನಡುವೆ ಬಿಚ್ಚಬಾರದು. ಗಂಟಲಿನ ಸದ್ದಲ್ಲ ಎಂದು ಈಗಷ್ಟೇ ಬದುಕಿಕೊಂಡವಳಿಗೆ ಮತ್ತೊಂದು ಅಂಜಿಕೆ ಹಿಡಿಯಿತು. ಈಗ ಬಿಚ್ಚಿಟ್ಟು, ನಾಳೆ ಆಪರೇಷನ್ನಿನ ಮೇಜಿನ ಮೇಲೆ ಏನಾದರೂ ಹೆಚ್ಚುಕಡಿಮೆ ಆದರೆ? ಮೂಢತನ ಎಂದು ನನಗೇ ಗೊತ್ತು. ಗೊತ್ತಿದ್ದರೂ ನೆರಿಗೆಗೆ ಕೈ ಹೋಗಲಿಲ್ಲ.

"ನಾ ಇದನ್ನ ಬಿಚ್ಚಂಗಿಲ್ಲ" ಅಂದೆ.

ಸೊಸೆ ಹಣೆ ಹಣೆ ಬಡಿದುಕೊಂಡಳು. ನನ್ನ ಗಂಡ ಎದ್ದು, ತಮ್ಮ ಹೆಗಲ ಮೇಲಿನ ಟವೆಲ್ಲು ತೆಗೆದು, ನನ್ನ ಎದೆಯ ಮೇಲೆ ಹೊದಿಸಿ, ಎರಡೂ ತುದಿಗಳನ್ನು ಬೆನ್ನಿಗೆ ಎಳೆದು ಕಟ್ಟಿದರು. ಒಗೆದು ಒಗೆದು ಹತ್ತಿಯಂತೆ ಮೆತ್ತಗಾದ ಟವೆಲ್ಲು, ಎಣ್ಣೆ ಮತ್ತು ನೂಲಿನ ವಾಸನೆ ಅದಕ್ಕೆ. ಮೈಕನ್ನು ಅದಕ್ಕೆ ಸಿಕ್ಕಿಸಿದರು.

ಆಮೇಲೆ ನಾನು ನಿಲ್ಲಿಸಲೇ ಇಲ್ಲ. ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೋ ಎಂದು ಹೆದರಿ ಹೆದರಿ, ಒಂದರ ಹಿಂದೆ ಒಂದು ಮಾತು ಒದರಿದೆ. ನೀರು ತಾ, ಊಟಕ್ಕೆ ಬರ್ರಿ, ಹಾಲು ಉಕ್ಕಾಕತ್ತೈತಿ, ಮೋಟರ್ ಬಂದ ಮಾಡ್ರಿ, ಔಷಧ ತಗೊಂಡ್ರೇನ, ನಿಮಗ ಬುದ್ಧಿ ಐತಿಲ್ಲೋ. ಮಗನ ಹೆಸರು ಹಿಡಿದು ಕರೆದೆ, ಸೊಸೆಯನ್ನು ಕರೆದೆ. ಗಂಡನನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ, "ಏನ್ರೀ" ಎಂದು ಕರೆದೆ. ಗಂಟಲಲ್ಲಿ ಮುಳ್ಳು ಆಡಿಸಿದಂತೆ ನೋಯುತ್ತಿತ್ತು. ಇದೇ ಮಾತನ್ನು ಇನ್ನೊಮ್ಮೆ ಆಡುವುದಿಲ್ಲ ಎಂದು ಪ್ರತಿಯೊಂದಕ್ಕೂ ನೆನಪಾಗುತ್ತಿತ್ತು. ಹಾಗೆ ನೆನಪಾದಾಗ ಧ್ವನಿ ನಡುಗುತ್ತಿತ್ತು, ಸೊಸೆ ಮತ್ತೊಮ್ಮೆ ಹೇಳಿಸುತ್ತಿದ್ದಳು. ಕೊನೆಗೆ ಎದುರು ಮನೆಯ ಮಗ್ಗ ಖಡಕ್ ಎಂದಿತು, ಅದರ ಹಿಂದೆ ಇಡೀ ಓಣಿ ಎದ್ದಿತು.

"ಮೊದಲ ಬಂದದ್ದ, ಆ ಅಂಜಿಕೀದು, ಅದನ್ನ ಅಳಸಲೇನ್ರಿ?" ಎಂದು ಸೊಸೆ ಆ ಗದ್ದಲದಲ್ಲಿ ಕಿವಿಯ ಹತ್ತಿರ ಬಂದು ಕೇಳಿದಳು. ನಾನು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಾತು ಸಾಕಾಗಿತ್ತು.

ಆಪರೇಷನ್ ಆಯಿತು. ಎಚ್ಚರವಾದಾಗ ಮೊದಲು ಮಾಡಿದ್ದು ಬಾಯಿ ತೆರೆದದ್ದು. ತುಟಿ ಆಡಿತು, ನಾಲಿಗೆ ಆಡಿತು, ಏನೂ ಹೊರಡಲಿಲ್ಲ. ಕುತ್ತಿಗೆಯ ತೂತಿನಿಂದ ಬುಸ್ ಎಂದು ಗಾಳಿ ಬಂತು. ತಿಳಿದೇ ಇತ್ತು, ಎಲ್ಲರೂ ಹೇಳಿದ್ದರು; ಆದರೂ ನನ್ನ ಮೈ ಅದನ್ನು ನಂಬಿರಲಿಲ್ಲ. ಬಾವಿಗೆ ಬಿದ್ದವಳಂತೆ ಕೈ ಬಡಿದೆ. ಸಿಸ್ಟರ್ ಬಂದು ಕೈ ಹಿಡಿದು ಮಲಗಿಸಿದಳು.

ವಾರ್ಡಿಗೆ ತಂದ ಮೇಲೆ ಸೊಸೆ ಮೊಬೈಲನ್ನು ನನ್ನ ಹಾಸಿಗೆಯ ಬದಿಗೆ ಇಟ್ಟು ಹೋಗಿದ್ದಳು. ಅದನ್ನು ಮುಟ್ಟಲು ನನಗೆ ಹೆದರಿಕೆ. ಸತ್ತವಳೊಬ್ಬಳು ಅದರಲ್ಲಿ ಕುಳಿತಿದ್ದಾಳೆ ಎಂದು ಅನಿಸುತ್ತಿತ್ತು. ಸಿಸ್ಟರ್ ನೀರು ಬೇಕೇ ಎಂದರೆ ತಲೆ ಆಡಿಸುತ್ತಿದ್ದೆ, ನೋವಿದೆಯೇ ಎಂದರೆ ಕೈ ತೋರಿಸುತ್ತಿದ್ದೆ.

ಸಂಜೆ ನೋಡಲು ಬಿಡುವ ಹೊತ್ತಿಗೆ ನನ್ನ ಗಂಡ ಬಂದರು. ಸ್ಟೂಲಿನ ಮೇಲೆ ಕುಳಿತು ನನ್ನ ಪಾದ ಒತ್ತಿದರು, ಮಾತಿಲ್ಲ. ಅವರು ಮಾತಾಡದಿದ್ದರೆ ಮೊದಲೆಲ್ಲ ಇಬ್ಬರ ಪಾಲಿನದನ್ನೂ ನಾನೇ ಆಡುತ್ತಿದ್ದೆ. ಈಗ ಅಲ್ಲಿ ಬರೀ ನನ್ನ ಕುತ್ತಿಗೆಯ ಗಾಳಿಯ ಸದ್ದು. ವೇಳೆ ಮುಗಿಯಿತು, ಎಲ್ಲರೂ ಹೊರಗೆ ನಡೆಯಿರಿ ಎಂದು ಬಾಗಿಲಿನಿಂದ ಕೂಗಿದರು. ಅವರು ಮೊಣಕಾಲಿಗೆ ಕೈಯೂರಿ ಎದ್ದರು. ನನ್ನ ಮುಖ ನೋಡದೆ ಹೊರಟರು.

ನಾನು ಬಾಯಿ ತೆರೆದೆ. ಬುಸ್. ಅವರ ಬೆನ್ನು ದೂರ ಹೋಗುತ್ತಿತ್ತು. ಮಂಚ ಬಡಿಯಲು ಹೋದರೆ ಕೈಗೆ ಸಲೈನಿನ ನಳಿಕೆ. ಆಗ ಮೊಬೈಲನ್ನು ತಡಕಾಡಿದೆ. ಕಣ್ಣಿಗೆ ನೀರು ತುಂಬಿ ಚೌಕಗಳೆಲ್ಲ ಕಲಸಿಹೋಗಿದ್ದವು. ನೀರು ತಾ ಇತ್ತು, ಊಟಕ್ಕೆ ಬರ್ರಿ ಇತ್ತು. ಎಲ್ಲಕ್ಕಿಂತ ಕೆಳಗೆ ಸೊಸೆ ಒಂದು ಕೆಂಪು ಚೌಕ ಮಾಡಿ ಅದರ ಮೇಲೆ 'ಇಲ್ಲೇ ಇರ್ರಿ' ಎಂದು ಬರೆದಿದ್ದಳು. ಒತ್ತಿದೆ.

"ಎಲ್ಲಿಗೆ ಹೊಂಟ್ರಿ? ಇಲ್ಲೇ ಇರ್ರಿ! ನನಗ ಅಂಜಿಕಿ ಆಗಾಕತ್ತೈತಿ!"

ಮಗ್ಗದ ಮನೆಯ ಧ್ವನಿ ಅದು, ಇಡೀ ವಾರ್ಡು ಬೆಚ್ಚಿಬಿದ್ದಿತು. ಬಾಗಿಲು ದಾಟುತ್ತಿದ್ದ ಮಂದಿ ನಿಂತರು. ಸಿಸ್ಟರ್ ಓಡಿ ಬಂದು, "ಯಾರ್ರೀ ಅದು ಒದರಿದ್ದು? ಪೇ‍ಷಂಟ್ ಮಲಗಿದ್ದು ಕಾಣೂದಿಲ್ಲೇನ್ರಿ?" ಎಂದು ಗದರಿಸಿದಳು.

ನನ್ನ ಗಂಡ ಆಗಲೇ ತಿರುಗಿ ಸ್ಟೂಲಿನ ಹತ್ತಿರ ಬಂದಿದ್ದರು. ಕುಳಿತು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಕಡೆ ನೋಡಿದರು.

"ನಮ್ಮನಿಯಾಕಿರಿ," ಅಂದರು. "ಕರದಾಳ. ನಾ ಹೋಗಂಗಿಲ್ಲ."